ಎರಡು ಸಮೀಕರಣ ಸಿಕ್ಕ ಮಾತ್ರಕ್ಕೆ ‘ಸಿ’ ಗುರುತು ಹಾಕಬೇಡಿ

ಪ್ರಶ್ನೆ: ಮೇಡಂ, ನಾನು ಕೋಲಾರದವನು, ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಎಂಜಿನಿಯರ್. ಎಂ.ಬಿ.ಎ. ಮಾಡುವ ಆಸೆಯಿಂದ ಜಿಮ್ಯಾಟ್‌ಗೆ ಓದುತ್ತಿದ್ದೇನೆ. ಬೀಜಗಣಿತದ ನೇರ ಲೆಕ್ಕಗಳಲ್ಲಿ ತೊಂದರೆಯಿಲ್ಲ. ಡೇಟಾ ಸಫಿಷಿಯೆನ್ಸಿ (ಕೊಟ್ಟ ಎರಡು ಹೇಳಿಕೆಗಳು ಉತ್ತರಕ್ಕೆ ಸಾಕೇ ಎಂದು ಕೇಳುವ ಪ್ರಶ್ನೆ) ಬಂದರೆ ಮಾತ್ರ ಉತ್ತರವೂ ತಪ್ಪುತ್ತದೆ, ಸಮಯವೂ ಸಾಲುವುದಿಲ್ಲ. ಮೊನ್ನೆ ಮಾಕ್ ಟೆಸ್ಟಿನಲ್ಲಿ ಹೀಗೊಂದು ಬಂತು: ‘ಸಣ್ಣ ಬಾಕ್ಸಿಗೆ ₹170, ದೊಡ್ಡ ಬಾಕ್ಸಿಗೆ ₹230. ವ್ಯಾಪಾರಿಯೊಬ್ಬ ಎರಡೂ ಬಗೆಯ ಬಾಕ್ಸ್ ಕೊಂಡ. ದೊಡ್ಡ ಬಾಕ್ಸ್ ಎಷ್ಟು ಕೊಂಡ? (1) ಒಟ್ಟು 11 ಬಾಕ್ಸ್ ಕೊಂಡ. (2) ಒಟ್ಟು ₹2,110 ಕೊಟ್ಟ.’ ಗೊತ್ತಿಲ್ಲದ ಸಂಖ್ಯೆ ಎರಡು, ಹಾಗಾಗಿ ಸಮೀಕರಣವೂ ಎರಡು ಬೇಕು ಎಂದು ‘ಸಿ’ (ಎರಡೂ ಸೇರಿದರೆ ಮಾತ್ರ ಸಾಕು) ಹಾಕಿದೆ. ಸರಿಯುತ್ತರ ‘ಬಿ’ (ಎರಡನೆಯದೊಂದೇ ಸಾಕು) ಎಂದಿದೆ. ಇದು ಹೇಗೆ? ಇಂಥವನ್ನು ಪೂರ್ತಿ ಬಿಡಿಸಬೇಕೇ, ಬೇಡವೇ? ನನ್ನ ತಂಗಿ ಬ್ಯಾಂಕ್ ಪಿ.ಒ. ಪರೀಕ್ಷೆಗೆ ಓದುತ್ತಿದ್ದಾಳೆ. ಅವಳಿಗೂ ಇದೇ ದಾರಿ ಸಾಕೇ?

ಉತ್ತರ: ನೀವು ಎಡವಿದ ಜಾಗದಲ್ಲೇ ಗಣಿತದಲ್ಲಿ ಚುರುಕಾದವರೂ ಎಡವುತ್ತಾರೆ. ತುಮಕೂರಿನಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವವರಲ್ಲಿ ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ತೆಗೆದವರೇ ಮೊದಮೊದಲು ಇದರಲ್ಲಿ ಹೆಚ್ಚು ತಪ್ಪು ಮಾಡುವುದನ್ನು ನೋಡುತ್ತೇನೆ. ಸಮೀಕರಣ ಕಂಡ ಕೂಡಲೇ ಬಿಡಿಸಲು ಕೈ ಓಡುತ್ತದೆ. ಇಲ್ಲಿ ಕೇಳುತ್ತಿರುವುದು ಉತ್ತರವನ್ನಲ್ಲ. ಈ ಮಾಹಿತಿಯಿಂದ ಒಂದೇ ಒಂದು ಉತ್ತರ ಬರುತ್ತದೆಯೇ, ಇಲ್ಲ ಎರಡನೆಯದಕ್ಕೂ ಜಾಗ ಉಳಿದಿದೆಯೇ ಎಂಬುದನ್ನು. ಆದ್ದರಿಂದ ಎಣಿಸಬೇಕಾದದ್ದು ಸಮೀಕರಣಗಳನ್ನಲ್ಲ, ಸಾಧ್ಯವಿರುವ ಉತ್ತರಗಳನ್ನು. ಇದೊಂದು ಮನಸ್ಸಿಗೆ ಹತ್ತಿದರೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ನಿಮ್ಮೂರಿನ ಎ.ಪಿ.ಎಂ.ಸಿ.ಯ ಟೊಮೆಟೊ ಬಾಕ್ಸ್ ಎಂದೇ ಇಟ್ಟುಕೊಳ್ಳಿ. ಸಣ್ಣವು ಸ, ದೊಡ್ಡವು ದ. ಮೊದಲ ಹೇಳಿಕೆ ಸ + ದ = 11 ಎನ್ನುತ್ತದೆ. ದ 1 ಇರಬಹುದು, 10 ಇರಬಹುದು, ನಡುವಿನ ಯಾವುದೂ ಇರಬಹುದು. ಸಾಲದು. ಈಗ ಅದನ್ನು ಪೂರ್ತಿ ಮರೆತು ಎರಡನೆಯದಕ್ಕೆ ಬನ್ನಿ. 170ಸ + 230ದ = 2,110. ಹತ್ತರಿಂದ ಭಾಗಿಸಿದರೆ 17ಸ + 23ದ = 211. ಶಾಲೆಯ ನಿಯಮದ ಪ್ರಕಾರ ಇದಕ್ಕೆ ಲೆಕ್ಕವಿಲ್ಲದಷ್ಟು ಉತ್ತರಗಳು. ಆದರೆ ಯಾರೂ ಅರ್ಧ ಬಾಕ್ಸ್ ಕೊಳ್ಳುವುದಿಲ್ಲ. ಸ, ದ ಎರಡೂ 1, 2, 3 ಎಂದು ಎಣಿಸುವ ಸಂಖ್ಯೆಗಳೇ ಆಗಬೇಕು. ದ = 1 ಎಂದಿಟ್ಟರೆ ಉಳಿಯುವುದು 188, ಅದು 17ರಿಂದ ಭಾಗವಾಗುವುದಿಲ್ಲ. ದ = 2ಕ್ಕೆ 165, ಆಗುವುದಿಲ್ಲ. 3ಕ್ಕೆ 142, ಇಲ್ಲ. 4ಕ್ಕೆ 119, ಅದು 17ರ ಏಳರಷ್ಟು. ಮುಂದೆ 96, 73, 50, 27, 4, ಯಾವುದೂ ಇಲ್ಲ. ಉತ್ತರ ಒಂದೇ: ದೊಡ್ಡವು 4, ಸಣ್ಣವು 7. ಎರಡನೆಯ ಹೇಳಿಕೆಯೊಂದೇ ಸಾಕು, ಆದ್ದರಿಂದ ‘ಬಿ’.

ಪ್ರತಿ ಸಲ ಹೀಗೆ ಒಂದೊಂದಾಗಿ ಹಾಕಿ ನೋಡಲು ಸಮಯ ಎಲ್ಲಿದೆ ಎಂದು ಕೇಳುತ್ತೀರಿ. ಅದಕ್ಕೊಂದು ಹತ್ತಿರದ ದಾರಿ ಇದೆ. ಒಂದು ಉತ್ತರ ಸಿಕ್ಕಿದೆ ಎನ್ನಿ, ಇನ್ನೊಂದಕ್ಕೆ ಹೋಗುವುದು ಹೇಗೆ? ಒಟ್ಟು ಹಣ ಬದಲಾಗಬಾರದೆಂದರೆ ದೊಡ್ಡ ಬಾಕ್ಸ್ 17 ಹೆಚ್ಚಿದಾಗ ಸಣ್ಣ ಬಾಕ್ಸ್ 23 ಇಳಿಯಬೇಕು, ಇಲ್ಲವೇ ಇದರ ತಿರುವುಮುರುವು. ಅದಕ್ಕಿಂತ ಚಿಕ್ಕ ಹೆಜ್ಜೆ ಇಲ್ಲ, ಏಕೆಂದರೆ 17ಕ್ಕೂ 23ಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ. ನಮ್ಮಲ್ಲಿರುವುದು ಬರೀ 7 ಮತ್ತು 4. 7ರಲ್ಲಿ 23 ಕಳೆಯಲು ಆಗದು, 4ರಲ್ಲಿ 17 ಕಳೆಯಲೂ ಆಗದು. ಎರಡನೆಯ ಉತ್ತರಕ್ಕೆ ಜಾಗವೇ ಇಲ್ಲ.

ಈಗ ಅದೇ ಲೆಕ್ಕದಲ್ಲಿ ಬೆಲೆ ಮಾತ್ರ ಬದಲಿಸೋಣ: ಸಣ್ಣದಕ್ಕೆ ₹150, ದೊಡ್ಡದಕ್ಕೆ ₹200, ಒಟ್ಟು ₹2,150. ಐವತ್ತರಿಂದ ಭಾಗಿಸಿದರೆ 3ಸ + 4ದ = 43. ಹೆಜ್ಜೆ ಚಿಕ್ಕದಾಯಿತು: ದೊಡ್ಡದು 3 ಏರಿದರೆ ಸಣ್ಣದು 4 ಇಳಿಯುತ್ತದೆ. ದ 1 ಆದಾಗ ಸ 13, ದ 4 ಆದಾಗ ಸ 9, ದ 7 ಆದಾಗ ಸ 5, ದ 10 ಆದಾಗ ಸ 1. ನಾಲ್ಕು ಉತ್ತರಗಳು, ಹಾಗಾಗಿ ಎರಡನೆಯ ಹೇಳಿಕೆಯೊಂದೇ ಸಾಲದು. ಒಟ್ಟು 11 ಬಾಕ್ಸ್ ಎಂಬುದನ್ನೂ ಸೇರಿಸಿದರೆ ಮಾತ್ರ ದ = 10 ಎಂದು ನಿಲ್ಲುತ್ತದೆ. ಇಲ್ಲಿ ‘ಸಿ’ ಸರಿ. ಎರಡೂ ಲೆಕ್ಕಗಳ ಮಾತು ಒಂದೇ, ಸಂಖ್ಯೆ ಬೇರೆ, ಉತ್ತರ ಬೇರೆ. ‘ಬಾಕ್ಸ್ ಎಂದರೆ ಪೂರ್ಣಾಂಕ, ಹಾಗಾಗಿ ಬಿ’ ಎಂದು ಹೊಸ ಸೂತ್ರ ಬಾಯಿಪಾಠ ಮಾಡಿಕೊಂಡರೆ ಈ ಎರಡನೆಯದು ನಿಮ್ಮನ್ನು ಬೀಳಿಸುತ್ತದೆ. ಮೊದಲು ಸಾಮಾನ್ಯ ಅಪವರ್ತನದಿಂದ ಭಾಗಿಸಿ, ಆಮೇಲೆ ಒಂದು ಉತ್ತರದಿಂದ ಇನ್ನೊಂದಕ್ಕೆ ಹೋಗುವ ಹೆಜ್ಜೆಗೆ ಜಾಗ ಇದೆಯೇ ನೋಡಿ.

ಬಾಕ್ಸಿನ ಬದಲು ಲೀಟರ್ ಲೆಕ್ಕದಲ್ಲಿ ಮಾರುವ ಎರಡು ಬಗೆಯ ಎಣ್ಣೆ ಎಂದಿದ್ದರೆ? ಒಂದೂವರೆ ಲೀಟರ್ ಇರಬಹುದು, ಕಾಲು ಲೀಟರ್ ಇರಬಹುದು. 17, 23 ಎಂಬ ಸಂಖ್ಯೆಗಳೇ ಇದ್ದರೂ ಒಂದು ಸಮೀಕರಣ ಸಾಲುತ್ತಿರಲಿಲ್ಲ. ಆದ್ದರಿಂದ ಹೇಳಿಕೆಗಳನ್ನು ಓದುವ ಮುಂಚೆ ಪ್ರಶ್ನೆಯಲ್ಲಿರುವುದು ಎಂಥ ಸಂಖ್ಯೆ ಎಂದು ಗೊತ್ತುಮಾಡಿಕೊಳ್ಳಿ. ಜನ, ಟಿಕೆಟ್, ನಾಣ್ಯ, ಪುಸ್ತಕ ಬಂದರೆ ಪೂರ್ಣಾಂಕ. ಏನೂ ಹೇಳದಿದ್ದರೆ ಭಿನ್ನರಾಶಿ, ಋಣಸಂಖ್ಯೆ, ಸೊನ್ನೆ ಎಲ್ಲಕ್ಕೂ ಬಾಗಿಲು ತೆರೆದಿದೆ.

ಈ ಪೂರ್ಣಾಂಕದ ಲೆಕ್ಕಗಳು ನಮಗೆ ಹೊಸವಲ್ಲ. ಆರ್ಯಭಟ ಇವಕ್ಕೆ ಒಂದು ಕ್ರಮವನ್ನೇ ಕೊಟ್ಟ. ಮುಂದಿನವರು ಅದನ್ನು ಕುಟ್ಟಕ ಎಂದು ಕರೆದರು. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರೂ ಹಣ್ಣಿನ ರಾಶಿ ಹಂಚುವಂಥ ಲೆಕ್ಕಗಳಲ್ಲಿ ಇದನ್ನು ಬಳಸಿದರು. ಪರೀಕ್ಷೆಗೆ ಅಷ್ಟೆಲ್ಲ ಬೇಡ. ಆದರೂ ‘ಒಂದು ಸಮೀಕರಣಕ್ಕೆ ಒಂದೇ ಉತ್ತರ ಹೇಗೆ ಬಂತು’ ಎಂಬ ನಿಮ್ಮ ಬೆರಗು ಬಹಳ ಹಳೆಯದು, ಒಳ್ಳೆಯದು ಎಂದು ತಿಳಿಯಲಿ ಎಂದು ಹೇಳಿದೆ.

ಸಮೀಕರಣ ಎಣಿಸುವ ಅಭ್ಯಾಸ ಇನ್ನೊಂದು ಕಡೆಯಿಂದಲೂ ಮೋಸ ಮಾಡುತ್ತದೆ. (ಇಲ್ಲಿಂದ ಎಕ್ಸ್, ವೈ ಬದಲು ಕ, ಮ ಎಂದು ಬರೆಯುತ್ತೇನೆ.) ಕ ಎಷ್ಟು? (1) 2ಕ + 3ಮ = 12. (2) 3ಮ − 6 = 6 − 2ಕ. ಎರಡು ಸಮೀಕರಣ ಕಂಡವು ಎಂದು ‘ಸಿ’ ಒತ್ತಿದರೆ ತಪ್ಪು. ಎರಡನೆಯದರಲ್ಲಿ ಪದಗಳನ್ನು ಆಚೀಚೆ ಸರಿಸಿ ನೋಡಿ, ಮೊದಲನೆಯದೇ ವೇಷ ಬದಲಿಸಿ ನಿಂತಿದೆ. ಹೊಸ ಮಾಹಿತಿ ಏನೂ ಬಂದಿಲ್ಲ. ಉತ್ತರ ‘ಇ’, ಅಂದರೆ ಎರಡೂ ಸೇರಿದರೂ ಸಾಲದು.

ನಾನು ತರಗತಿಯಲ್ಲಿ ತಪ್ಪದೆ ಕೊಡುವ ಲೆಕ್ಕ ಇನ್ನೊಂದಿದೆ. ಕ² + ಮ² ಎಷ್ಟು? (1) ಕ + ಮ = 9. (2) ಕಮ = 20. ಒಂದೊಂದೇ ಸಾಲದು ಎಂಬುದು ಸುಲಭವಾಗಿ ಕಾಣುತ್ತದೆ: ಮೊದಲನೆಯದಕ್ಕೆ 9 ಮತ್ತು 0 ಇಟ್ಟರೆ 81, 5 ಮತ್ತು 4 ಇಟ್ಟರೆ 41. ಎರಡನೆಯದಕ್ಕೆ 5 ಮತ್ತು 4 ಇಟ್ಟರೆ 41, 20 ಮತ್ತು 1 ಇಟ್ಟರೆ 401. ಎರಡನ್ನೂ ಸೇರಿಸಿ. ಕ² + ಮ² ಎಂದರೆ (ಕ + ಮ)² − 2ಕಮ, ಅಂದರೆ 81 − 40. ಒಂದೇ ಉತ್ತರ ಬಂತು, ‘ಸಿ’. ಈಗ ಹೇಳಿಕೆಗಳನ್ನು ಹಾಗೇ ಬಿಟ್ಟು ಪ್ರಶ್ನೆಯನ್ನು ಮಾತ್ರ ‘ಕ ಎಷ್ಟು?’ ಎಂದು ಬದಲಿಸಿ. ಕ 5 ಆಗಿ ಮ 4 ಇರಬಹುದು, ಕ 4 ಆಗಿ ಮ 5 ಇರಬಹುದು. ಬೇರ್ಪಡಿಸಲು ದಾರಿಯಿಲ್ಲ, ‘ಇ’. ಮಾಹಿತಿ ಸಾಕೇ ಎಂಬುದು ಮಾಹಿತಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ, ಯಾವ ಪ್ರಶ್ನೆಗೆ ಸಾಕೇ ಎಂಬುದೇ ಮುಖ್ಯ. ಅದಕ್ಕೇ ಪ್ರಶ್ನೆಯನ್ನು ಮೊದಲು ಬೀಜಗಣಿತದಲ್ಲಿ ಬರೆದು, ಆದಷ್ಟು ಸರಳ ರೂಪಕ್ಕೆ ತಂದು, ‘ನನಗೆ ನಿಜವಾಗಿ ಬೇಕಿರುವುದು ಯಾವುದು’ ಎಂದು ಗುರುತಿಸಿಕೊಂಡೇ ಹೇಳಿಕೆಗಳತ್ತ ಕಣ್ಣು ಹಾಯಿಸಿ. ಇದಕ್ಕೆ ಕಳೆಯುವ ಅರ್ಧ ನಿಮಿಷ ದಂಡವಲ್ಲ. ಸಮಯ ಸಾಲುವುದಿಲ್ಲ ಎನ್ನುವವರು ಸಾಮಾನ್ಯವಾಗಿ ಈ ಅರ್ಧ ನಿಮಿಷ ಉಳಿಸಲು ಹೋಗಿ ಮುಂದೆ ಎರಡು ನಿಮಿಷ ಕಳೆದುಕೊಳ್ಳುತ್ತಾರೆ.

ವರ್ಗ ಸಮೀಕರಣ ಕಂಡರೆ ಎರಡು ಮೂಲ ಎಂದು ಕಣ್ಣುಮುಚ್ಚಿ ತೀರ್ಮಾನಿಸಬೇಡಿ. ಕ² − 7ಕ + 12 = 0 ಆದರೆ ಕ 3 ಅಥವಾ 4, ಸಾಲದು. ಕ² − 6ಕ + 9 = 0 ಆದರೆ ಅದು (ಕ − 3)², ಕ 3 ಮಾತ್ರ, ಸಾಕು. ಮೂಲಗಳಲ್ಲಿ ಒಂದು ಋಣವಾಗಿದ್ದು, ಪ್ರಶ್ನೆ ಜನರ ಸಂಖ್ಯೆಯದೋ ಉದ್ದದ್ದೋ ಆಗಿದ್ದರೆ ಆ ಮೂಲ ತಾನಾಗಿ ಬಿದ್ದುಹೋಗುತ್ತದೆ.

ಸೊನ್ನೆಯ ಬಗ್ಗೆ ಒಂದು ಎಚ್ಚರಿಕೆ. ಕ ಎಷ್ಟು? (1) ಕ² = 5ಕ. (2) ಕ ಸೊನ್ನೆಯಲ್ಲ. ಎರಡೂ ಕಡೆಯಿಂದ ಒಂದು ಕ ಹೊಡೆದುಹಾಕಿ ಕ = 5 ಎಂದು ‘ಎ’ (ಮೊದಲನೆಯದೊಂದೇ ಸಾಕು) ಗುರುತಿಸುವವರು ಬಹಳ. ಕ ಸೊನ್ನೆಯಾಗಿರಬಹುದಾದಾಗ ಅದರಿಂದ ಭಾಗಿಸುವ ಹಕ್ಕು ನಮಗಿಲ್ಲ. ಒಂದು ಕಡೆಗೆ ತಂದು ಕ(ಕ − 5) = 0 ಎಂದು ಬರೆದರೆ 0, 5 ಎರಡೂ ಕಾಣುತ್ತವೆ. ಎರಡನೆಯ ಹೇಳಿಕೆ ಬಂದು ಸೊನ್ನೆಯನ್ನು ತೆಗೆಯುತ್ತದೆ, ಉತ್ತರ ‘ಸಿ’. ಅಸಮತೆಗಳಲ್ಲೂ ಇದೇ ಜಾಗ್ರತೆ ಬೇಕು. ಕ > ಮ ಎಂದಿದೆ ಎಂದು ಎರಡೂ ಕಡೆ ‘ಮ’ದಿಂದ ಭಾಗಿಸಿ ಕ/ಮ > 1 ಎನ್ನಬೇಡಿ. ಕ 3, ಮ −2 ಆದರೆ ಭಾಗಲಬ್ಧ −1.5. ಚಿಹ್ನೆ ಗೊತ್ತಿಲ್ಲದ ಸಂಖ್ಯೆಯಿಂದ ಅಸಮತೆಯನ್ನು ಗುಣಿಸುವುದೂ ಇಲ್ಲ, ಭಾಗಿಸುವುದೂ ಇಲ್ಲ.

‘ಹೌದೇ, ಅಲ್ಲವೇ’ ಎಂದು ಕೇಳುವ ಬಗೆಯ ಪ್ರಶ್ನೆಗಳಿಗೆ ಸ್ವಲ್ಪ ಬೇರೆ ಮನಸ್ಸು ಬೇಕು. ‘ಕ ಧನಸಂಖ್ಯೆಯೇ?’ ಎಂದು ಕೇಳಿ, ಹೇಳಿಕೆ ಕ³ = −8 ಎಂದರೆ, ಕ ಖಂಡಿತ ಋಣ. ಉತ್ತರ ‘ಅಲ್ಲ’. ಖಂಡಿತವಾದ ‘ಅಲ್ಲ’ ಕೂಡ ಪೂರ್ತಿ ಉತ್ತರವೇ, ಆದ್ದರಿಂದ ಹೇಳಿಕೆ ಸಾಕು. ‘ಅಲ್ಲ’ ಬಂದ ಕೂಡಲೇ ‘ಸಾಲದು’ ಎಂದು ಬರೆಯುವ ತಪ್ಪನ್ನು ಒಮ್ಮೆಯಾದರೂ ಮಾಡದವರು ಅಪರೂಪ. ಒಮ್ಮೆ ಹೌದು, ಒಮ್ಮೆ ಅಲ್ಲ ಎಂದು ಎರಡೂ ಬರುವಂತಿದ್ದರೆ ಮಾತ್ರ ಸಾಲದು.

ಈ ಬಗೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಇದು: ಕ > ಮ ನಿಜವೇ? (1) ಕ² > ಮ². (2) ಕ + ಮ > 0. ಮೊದಲನೆಯದಕ್ಕೆ 3 ಮತ್ತು 2 ಇಟ್ಟರೆ ಹೌದು, −3 ಮತ್ತು 2 ಇಟ್ಟರೆ ಅಲ್ಲ. ಎರಡನೆಯದಕ್ಕೆ 3 ಮತ್ತು −1 ಇಟ್ಟರೆ ಹೌದು, ಅವನ್ನೇ ಅದಲು ಬದಲು ಮಾಡಿದರೆ ಅಲ್ಲ. ಒಂದೊಂದೇ ಸಾಲದು. ಸೇರಿಸಿದಾಗ? ಕೆಲವು ಸಂಖ್ಯೆ ಇಟ್ಟು ನೋಡಿದರೆ ಪ್ರತಿ ಸಲವೂ ಹೌದು ಬರುತ್ತದೆ. ಅಷ್ಟಕ್ಕೇ ನಂಬಬೇಡಿ. ಮೊದಲ ಹೇಳಿಕೆಯನ್ನು ಅಪವರ್ತಿಸಿ: (ಕ − ಮ)(ಕ + ಮ) > 0. ಗುಣಲಬ್ಧ ಧನ, ಅದರಲ್ಲಿ ಕ + ಮ ಧನ ಎಂದು ಎರಡನೆಯ ಹೇಳಿಕೆ ಹೇಳಿದೆ, ಹಾಗಾದರೆ ಕ − ಮ ಕೂಡ ಧನವಾಗಲೇಬೇಕು. ಈಗ ನಿಶ್ಚಿಂತೆಯಿಂದ ‘ಸಿ’ ಒತ್ತಬಹುದು. ಸಂಖ್ಯೆ ಇಟ್ಟು ನೋಡುವುದು ‘ಸಾಲದು’ ಎಂದು ತೋರಿಸಲು ಬಲು ಒಳ್ಳೆಯ ಆಯುಧ, ಬೇರೆ ಬೇರೆ ಉತ್ತರ ಕೊಡುವ ಎರಡು ಉದಾಹರಣೆ ಸಿಕ್ಕರೆ ಕೆಲಸ ಮುಗಿಯಿತು. ‘ಸಾಕು’ ಎಂದು ತೋರಿಸಲು ಅದು ಸಾಲದು, ಅಲ್ಲಿ ಬೀಜಗಣಿತದ ಕಾರಣವೇ ಬೇಕು. ಸಂಖ್ಯೆ ಇಡುವಾಗಲೂ 2, 3, 5 ಎಂದು ಸಾಧು ಸಂಖ್ಯೆಗಳನ್ನೇ ಇಡುತ್ತಾ ಹೋಗಬೇಡಿ. 0, 1, −1, ಅರ್ಧ, ಋಣ ಅರ್ಧ ಇವುಗಳ ಕಡೆಗೆ ಮೊದಲು ಹೋಗಿ. ಹೇಳಿಕೆಯನ್ನು ಮುರಿಯಬೇಕು ಎಂಬ ಹಟದಿಂದ ಇಡಿ.

ಇನ್ನು ಪೂರ್ತಿ ಬಿಡಿಸಬೇಕೇ ಎಂಬ ಪ್ರಶ್ನೆ. ಒಂದೇ ಉತ್ತರ ಬರುತ್ತದೆ ಎಂಬುದು ಖಚಿತವಾದ ಕ್ಷಣ ನಿಲ್ಲಿಸಿ. ಒಂದು ಇನ್ನೊಂದರ ಗುಣಕವಲ್ಲದ ಎರಡು ಸರಳ ರೇಖಾತ್ಮಕ ಸಮೀಕರಣ, ಎರಡು ಚರಾಕ್ಷರ, ಇಷ್ಟಿದ್ದರೆ ಉತ್ತರ 7 ಆದರೇನು, 7/13 ಆದರೇನು? ಆದರೆ ವರ್ಗ, ಗುಣಲಬ್ಧ, ಅಸಮತೆ, ಪೂರ್ಣಾಂಕದ ಷರತ್ತು ಬಂದರೆ ಊಹೆಯ ಮೇಲೆ ನಿಲ್ಲಿಸಬೇಡಿ, ಇನ್ನೆರಡು ಸಾಲು ಬರೆಯಿರಿ.

ಕ್ರಮದ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲ ಹೇಳಿಕೆ ಸಾಕಾದರೆ ಉತ್ತರ ‘ಎ’ ಅಥವಾ ‘ಡಿ’ (ಒಂದೊಂದೂ ತಾನೇ ಸಾಕು). ಸಾಲದಿದ್ದರೆ ‘ಬಿ’, ‘ಸಿ’, ‘ಇ’ಗಳಲ್ಲಿ ಒಂದು. ಎರಡನೆಯದನ್ನು ಓದುವಾಗ ಮೊದಲನೆಯದು ಮನಸ್ಸಿನಲ್ಲಿ ಉಳಿಯದಂತೆ, ಅಭ್ಯಾಸದ ಹೊತ್ತಿನಲ್ಲಾದರೂ ಅದನ್ನು ಕೈಯಿಂದ ಮುಚ್ಚಿ. ಇನ್ನೊಂದು ಗಟ್ಟಿ ಆಧಾರ: ಜಿಮ್ಯಾಟ್‌ನಲ್ಲಿ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿರುವುದಿಲ್ಲ. ಒಂದರಿಂದ ಕ = 5, ಇನ್ನೊಂದರಿಂದ ಕ = 7 ಬಂದರೆ ನಿಮ್ಮ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ, ಹಿಂದಕ್ಕೆ ಹೋಗಿ. ಎರಡೂ ಸೇರಿದರೆ ಉತ್ತರ ಬರುತ್ತದೆ ಎಂಬುದು ಓದಿದ ಕೂಡಲೇ ಎದ್ದು ಕಂಡರೆ ‘ಸಿ’ಯನ್ನು ಒಮ್ಮೆ ಅನುಮಾನಿಸಿ. ನಿಮ್ಮ ಬಾಕ್ಸ್ ಲೆಕ್ಕ ಅಂಥದ್ದೇ.

2023ರ ನವೆಂಬರಿನಲ್ಲಿ ಬಂದ ಹೊಸ ಮಾದರಿಯ ಜಿಮ್ಯಾಟ್‌ನಲ್ಲಿ ಈ ಪ್ರಶ್ನೆಗಳು ಕ್ವಾಂಟ್ (ಗಣಿತ) ಭಾಗದಲ್ಲಿಲ್ಲ, ಡೇಟಾ ಇನ್‌ಸೈಟ್ಸ್ ಭಾಗಕ್ಕೆ ಹೋಗಿವೆ. ಹಳೆಯ ಪುಸ್ತಕದಿಂದ ಓದುತ್ತಿದ್ದರೆ ಇದು ಗೊತ್ತಿರಲಿ. ಅಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ, ಒಂದಕ್ಕೆ ಸರಾಸರಿ ಎರಡೂಕಾಲು ನಿಮಿಷ. ಕೋಷ್ಟಕ, ನಕ್ಷೆ, ಹಲವು ಮೂಲಗಳ ಮಾಹಿತಿ ಓದುವ ಪ್ರಶ್ನೆಗಳು ಅದೇ ಸಮಯದಲ್ಲಿ ಪಾಲು ಕೇಳುತ್ತವೆ, ಹಾಗಾಗಿ ಬೀಜಗಣಿತದವನ್ನು ಎರಡು ನಿಮಿಷದೊಳಗೆ ಮುಗಿಸುವುದು ಒಳ್ಳೆಯದು. ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ, ಆದರೆ ನಾವು ಮಾತಾಡುತ್ತಿರುವ ಲೆಕ್ಕಗಳಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ.

ನಿಮ್ಮ ತಂಗಿಗೆ: ಯೋಚಿಸುವ ರೀತಿ ಪೂರ್ತಿ ಇದೇ, ಆಯ್ಕೆಗಳ ಸಾಲು ಮಾತ್ರ ಬೇರೆ. ಜಿಮ್ಯಾಟ್‌ನಲ್ಲಿ ಐದು ಆಯ್ಕೆಗಳ ಕ್ರಮ ಎಂದೂ ಬದಲಾಗದು: ‘ಸಿ’ ಎಂದರೆ ಎರಡೂ ಸೇರಿದರೆ ಮಾತ್ರ ಸಾಕು, ‘ಡಿ’ ಎಂದರೆ ಒಂದೊಂದೂ ತಾನೇ ಸಾಕು. ಬ್ಯಾಂಕ್ ಪರೀಕ್ಷೆಯ ಹಲವು ಪತ್ರಿಕೆಗಳಲ್ಲಿ ಮೂರನೆಯ ಆಯ್ಕೆ ‘ಯಾವುದಾದರೂ ಒಂದು ಸಾಕು’ ಎಂದಿದ್ದು, ‘ಎರಡೂ ಬೇಕು’ ಎನ್ನುವುದು ಕೊನೆಗೆ ಬರುತ್ತದೆ. ನಿಮ್ಮ ಪುಸ್ತಕದಲ್ಲಿ ಅವಳು ಅಭ್ಯಾಸ ಮಾಡುವುದಾದರೆ ಅಕ್ಷರವನ್ನು ನೆನಪಿಡದೆ ‘ಎರಡೂ ಬೇಕು’, ‘ಒಂದೊಂದೂ ಸಾಕು’ ಎಂದು ಮಾತಿನಲ್ಲೇ ಬರೆದುಕೊಳ್ಳಲಿ, ಪರೀಕ್ಷೆಯ ದಿನ ಆಯ್ಕೆಗಳನ್ನು ಓದಿ ಗುರುತಿಸಲಿ. ಅಲ್ಲಿ ತಪ್ಪು ಉತ್ತರಕ್ಕೆ ಅಂಕವೂ ಕಳೆಯುತ್ತದೆ. ಸರಿಯಾಗಿ ಯೋಚಿಸಿ ಅಕ್ಷರ ತಪ್ಪಿದರೆ ಹೊಟ್ಟೆ ಉರಿಯುತ್ತದೆ.

ಅಭ್ಯಾಸಕ್ಕೆ ದಿನಕ್ಕೆ ಮೂವತ್ತು ಲೆಕ್ಕ ಓಡಿಸುವುದಕ್ಕಿಂತ, ಬಿಡಿಸಿದ ಒಂದೊಂದನ್ನೂ ತಿರುಗಿಸಿ ನೋಡುವುದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ರಶ್ನೆಯ ಒಂದು ಪದ ಬದಲಿಸಿದರೆ ಉತ್ತರ ಬದಲಾಗುತ್ತದೆಯೇ ಎಂದು ಕೇಳಿಕೊಳ್ಳಿ. ಕಂಪನಿ ಬಸ್ಸಿನಲ್ಲಿ ಕೂತಿರುವಾಗಲೂ ಇದು ಸಾಧ್ಯ. ಒಂದು ಲೆಕ್ಕ ಕೊಡುತ್ತೇನೆ, ಮುಂದೆ ಓದುವ ಮುಂಚೆ ನೀವೇ ಮಾಡಿ. ಕ, ಮ ಧನ ಪೂರ್ಣಾಂಕಗಳು. ಕ + ಮ ಎಷ್ಟು? (1) ಕಮ = 13. (2) ಕ − ಮ = 12. ಇದನ್ನು ಮಾಡಿದ ಮೇಲೆ ‘ಧನ ಪೂರ್ಣಾಂಕಗಳು’ ಎಂಬುದನ್ನು ‘ಪೂರ್ಣಾಂಕಗಳು’ ಎಂದು ಬದಲಿಸಿ ಮತ್ತೆ ಮಾಡಿ. ಆಮೇಲೆ ‘ಧನಸಂಖ್ಯೆಗಳು’ ಎಂದಷ್ಟೇ ಇಟ್ಟು ಮೂರನೆಯ ಸಲ ಮಾಡಿ.

ಮೊದಲ ರೂಪದಲ್ಲಿ 13ನ್ನು ಒಡೆಯಲು 13 ಮತ್ತು 1 ಬಿಟ್ಟು ದಾರಿಯಿಲ್ಲ. ಯಾವುದು ಕ, ಯಾವುದು ಮ ಎಂಬುದು ಬೇಕಿಲ್ಲ, ಮೊತ್ತ 14. ಎರಡನೆಯ ಹೇಳಿಕೆಗೆ 13 ಮತ್ತು 1, 14 ಮತ್ತು 2 ಎರಡೂ ಹೊಂದುತ್ತವೆ, ಅದು ಸಾಲದು. ಉತ್ತರ ‘ಎ’. ಎರಡನೆಯ ರೂಪದಲ್ಲಿ −1 ಮತ್ತು −13 ಕೂಡ ಒಳಗೆ ಬಂದವು. ಅವುಗಳ ಗುಣಲಬ್ಧ 13, ವ್ಯತ್ಯಾಸವೂ −1 − (−13) = 12. ಹೇಳಿಕೆಗಳು ಎರಡೂ ಸೇರಿದರೂ ಮೊತ್ತ 14 ಇರಬಹುದು, −14 ಇರಬಹುದು. ಉತ್ತರ ‘ಇ’. ಮೂರನೆಯ ರೂಪದಲ್ಲಿ ಭಿನ್ನರಾಶಿಗೆ ಅವಕಾಶ ಬಂತು. 2 ಮತ್ತು 6.5ರ ಗುಣಲಬ್ಧವೂ 13 ಆಗುವುದರಿಂದ ಮೊದಲ ಹೇಳಿಕೆಯೊಂದೇ ಸಾಲದಾಯಿತು. ಎರಡೂ ಸೇರಿದಾಗ (ಕ + ಮ)² = 12² + 4 × 13 = 196, ಋಣ ಇಲ್ಲದ್ದರಿಂದ ಮೊತ್ತ 14 ಮಾತ್ರ. ಇಲ್ಲಿ ಉತ್ತರ ‘ಸಿ’.